ಕಲಾಯಿ ಹಾಕಿದ ಮಾತ್ರೆ

ಔಷಧದ ಕಿಟಕಿಯ ಹಿಂದೆ ಹೊಸದಾಗಿ ನಿಲ್ಲಲು ಹೊರಟಿರುವ ಮಕ್ಕಳೇ, ಮಾತ್ರೆಯ ಹೆಸರು, ಪ್ರಮಾಣ, ಅಡ್ಡಪರಿಣಾಮ ಎಲ್ಲವನ್ನೂ ನಿಮಗೆ ಕಾಲೇಜಿನಲ್ಲಿ ಹೇಳಿಕೊಟ್ಟಿರುತ್ತಾರೆ. ನನಗೆ ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿಯೇ ಹೇಳಿಕೊಟ್ಟಿರುತ್ತಾರೆ. ಆದರೆ ನಿಮ್ಮ ಕೈ ದಾಟಿ ಹೋದ ಮಾತ್ರೆ ಜನರ ಮನೆಯಲ್ಲಿ ಏನೇನು ಪಾಡು ಪಡುತ್ತದೆ ಅನ್ನುವುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ನಾನು ಕೊಟ್ಟ ಮಾತ್ರೆಗಳನ್ನು ಜನ ಮಜ್ಜಿಗೆಗೆ ಕಲಸಿದ್ದಾರೆ, ಬಾಳೆಹಣ್ಣಿನೊಳಗೆ ಹುದುಗಿಸಿದ್ದಾರೆ, ಮದುವೆಗೆ ಬಂದ ನೆಂಟರಿಗೆ ಹಂಚಿದ್ದಾರೆ. ಹೊಸದುರ್ಗದಲ್ಲಿ ಒಬ್ಬ ಮಹಾರಾಯ ಎದೆಗೆಂದು ಕೊಟ್ಟ ಆಸ್ಪಿರಿನ್ನನ್ನು ಗುಲಾಬಿ ಗಿಡದ ಬುಡಕ್ಕೆ ಹಾಕುತ್ತಿದ್ದ. ಗಿಡ ಚೆನ್ನಾಗಿತ್ತು, ಅವನು ಚೆನ್ನಾಗಿರಲಿಲ್ಲ.

ನನ್ನ ಹೆಸರು ಹಸೀನಾ. ಸರ್ಕಾರಿ ಆಸ್ಪತ್ರೆಗಳಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಜನರ ಬಾಯಲ್ಲಿ ಮೊದಮೊದಲು ‘ಕಾಂಪೌಂಡ್ರಮ್ಮ’, ಆಮೇಲೆ ‘ಹಸೀನಮ್ಮ’. ಹುಟ್ಟಿದ್ದು ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಒಂದು ಗಲ್ಲಿಯಲ್ಲಿ. ನಮ್ಮ ಅಬ್ಬಾ ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತಿದಿ ಒತ್ತಿ ಕೆಂಡ ಮಾಡಿ, ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಉಜ್ಜಿದರೆ ಕಪ್ಪಗಿದ್ದ ಪಾತ್ರೆಯ ಒಳಗೆ ಬೆಳ್ಳಿ ಹರಿದಂತೆ ಆಗುತ್ತಿತ್ತು. ಆ ಹೊಗೆ ಕುಡಿದೇ ನಾನು ಬೆಳೆದೆ. ‘ಹುಳಿ ಪದಾರ್ಥಕ್ಕೂ ಹಿತ್ತಾಳೆಗೂ ಜಗಳ ಬೇಟಿ, ಇಬ್ಬರ ನಡುವೆ ಕಲಾಯಿ ಕೂತು ರಾಜಿ ಮಾಡಿಸ್ತೈತೆ’ ಎನ್ನುತ್ತಿದ್ದರು ಅಬ್ಬಾ. ಈ ಮಾತು ಮುಂದೆ ನನ್ನ ಕೆಲಸಕ್ಕೆ ಬರುತ್ತದೆ ಎಂದು ಆಗ ನನಗೇನು ಗೊತ್ತು!

ನನ್ನ ಮೊದಲ ಕೆಲಸ ಹೊಳಲ್ಕೆರೆ ಕಡೆ. ಆಗಿನ್ನೂ ಮಾತ್ರೆಗಳು ದೊಡ್ಡ ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು. ಕಾಗದದ ಪೊಟ್ಟಣ ಕಟ್ಟಿ ಕೊಡಬೇಕು. ಕೆಂಪು ಮಿಕ್ಸ್ಚರ್‌ಗೆ ಜನ ಮನೆಯಿಂದಲೇ ಬಾಟಲಿ ತರಬೇಕು. ಅದರಲ್ಲಿ ಸೀಮೆಎಣ್ಣೆ ವಾಸನೆ ಇದೆಯೋ ಇಲ್ಲವೋ ಎಂದು ಮೂಸಿ ನೋಡುವುದೂ ನನ್ನ ಕೆಲಸವೇ. ಆಸ್ಪಿರಿನ್ ಆಗ ತಲೆನೋವಿನ ಬಿಳಿ ಬಿಲ್ಲೆ, ಅಷ್ಟೇ. ನೀರಿಗೆ ಹಾಕಿದರೆ ಕರಗಿ ಹೋಗುತ್ತಿತ್ತು. ಹೊಟ್ಟೆ ಉರಿಯುತ್ತದೆ ಎಂದು ಜನ ಬೈಯುತ್ತಿದ್ದರು. ಆಮೇಲೆ ಅದೇ ಆಸ್ಪಿರಿನ್ ಸಣ್ಣದಾಗಿ, ಬಣ್ಣದ ಕೋಟು ಹಾಕಿಕೊಂಡು, ಸ್ಟ್ರಿಪ್ಪಿನೊಳಗೆ ಕೂತು ಬಂತು. ತಲೆನೋವಿಗಲ್ಲ, ಹೃದಯಕ್ಕೆ. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದಕ್ಕೆ.

ಚಿಕ್ಕಜಾಜೂರಿನಲ್ಲಿದ್ದಾಗ ನಮಗೊಬ್ಬ ಹಿರಿಯ ಡಾಕ್ಟರಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ಹೊಟ್ಟೆಯೊಳಗೆ ಬರೀ ಬೆಣ್ಣೆ. ‘ಹಸೀನಾ, ಮಾತ್ರೆ ಕೊಡೋದು ಅರ್ಧ ಕೆಲಸ. ಮನೆಗೆ ಹೋಗಿ ಹೆಂಗೆ ತಗಂತೀರಿ ಅಂತ ಅವರ ಬಾಯಲ್ಲೇ ಹೇಳಿಸೋದು ಇನ್ನರ್ಧ’ ಎನ್ನುತ್ತಿದ್ದರು. ಮೊದಲು ನನಗೆ ಇದು ಕಿರಿಕಿರಿ ಅನಿಸುತ್ತಿತ್ತು. ಸಾಲು ಬಾಗಿಲು ದಾಟಿ ಹೋಗಿರುವಾಗ ಒಬ್ಬೊಬ್ಬರ ಬಾಯಲ್ಲೂ ಕಥೆ ಕೇಳಿಕೊಂಡು ಕೂರಲು ಆಗುತ್ತದೆಯೇ? ಆದರೆ ಅಲ್ಲಿ ತಿಪ್ಪೇಶಪ್ಪ ಅಂತ ರೈಲ್ವೆಯ ಒಬ್ಬ ಹಳೇ ಗ್ಯಾಂಗ್‌ಮನ್ ಬರುತ್ತಿದ್ದ. ಎದೆಯ ಕಾಯಿಲೆಗೆ ಆಸ್ಪಿರಿನ್ ತಗೊಳ್ಳುತ್ತಿದ್ದ. ಒಂದು ದಿನ ಕೇಳಿದರೆ, ‘ಅದನ್ನ ಬಿಟ್ಟು ಸುಮಾರು ದಿನಾತು ಕಣಮ್ಮ. ಹಲ್ಲು ಕೀಳಿಸ್ಬೇಕಿತ್ತು. ರಕ್ತ ನಿಲ್ಲಲ್ಲ ಅಂತ ಪಕ್ಕದ ಮನೆಯೋರಂದ್ರು’ ಎಂದ. ಹಲ್ಲು ಕಿತ್ತದ್ದೂ ಆಗಿತ್ತು, ಹುಣ್ಣು ಮಾಗಿದ್ದೂ ಆಗಿತ್ತು, ಮಾತ್ರೆ ಮಾತ್ರ ಮತ್ತೆ ಶುರುವಾಗಿರಲಿಲ್ಲ. ಒಳಗಿನಿಂದ ಡಾಕ್ಟರ ದನಿ ಸ್ಟೇಷನ್ನಿನವರೆಗೂ ಕೇಳಿರಬೇಕು: ‘ಲೇ ತಿಪ್ಪೇಶಿ, ಒಂದು ಹುಳುಕು ಹಲ್ಲಿಗೋಸ್ಕರ ಗುಂಡಿಗೇನೇ ಅಡ ಇಡ್ತೀಯೇನೋ! ನಿಲ್ಸೋದಾದ್ರೂ ನನ್ನ ಕೇಳಬೇಕು, ಶುರು ಮಾಡೋದಾದ್ರೂ ನನ್ನ ಕೇಳಬೇಕು!’ ಆಮೇಲೆ ಅವನನ್ನು ಕೂರಿಸಿ ತಾವೇ ಟೀ ತರಿಸಿ ಕುಡಿಸಿದರು. ಅಂದಿನಿಂದ ನಾನು ಪ್ರತಿಯೊಬ್ಬರನ್ನೂ ಕೇಳಲು ಶುರು ಮಾಡಿದೆ.

ಹೊಸದುರ್ಗದಲ್ಲಿ ಆ ಕೇಳುವ ಚಾಳಿ ಒಂದು ಮಗುವನ್ನು ಕಾಯಿತು. ಅಜ್ಜನ ಮಾತ್ರೆ ಒಯ್ಯಲು ಬಂದ ಸೊಸೆಯೊಬ್ಬಳು, ‘ಪಾಪುಗೆ ಜ್ವರ ಸುಡ್ತೈತೆ, ಇದರಲ್ಲೇ ಅರ್ಧ ಕೊಡ್ಲಾ? ಸಣ್ಣ ಮಾತ್ರೆ ಅಲ್ವಾ’ ಎಂದು ಹೋಗುತ್ತ ಹೋಗುತ್ತ ಕೇಳಿದಳು. ‘ಅಯ್ಯೋ, ನಿಲ್ಲಮ್ಮ ತಾಯಿ!’ ಎಂದು ಕಿಟಕಿಯಲ್ಲಿ ಕೈ ಹಾಕಿ ಅವಳ ಸೆರಗನ್ನೇ ಹಿಡಿದುಕೊಂಡೆ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬಾರದು. ಡೆಂಗಿ ಇರಬಹುದು ಎಂಬ ಗುಮಾನಿ ಇದ್ದರೆ ದೊಡ್ಡವರ ಜ್ವರಕ್ಕೂ ಕೊಡಬಾರದು. ಸಣ್ಣ ಮಾತ್ರೆ ಅಂದರೆ ಮಕ್ಕಳ ಮಾತ್ರೆ ಅಂತ ಅಲ್ಲ. ಇದನ್ನು ಆ ತಾಲ್ಲೂಕಿನಲ್ಲಿ ನಾನು ಎಷ್ಟು ಸಲ ಹೇಳಿದ್ದೇನೋ!

ಇಷ್ಟೆಲ್ಲ ಆದಮೇಲೆ, ಕೆಲಸದ ಕೊನೆಯ ವರ್ಷಗಳಲ್ಲಿ ಹಿರಿಯೂರಿಗೆ ಬಂದೆ. ನನಗೆ ಕಲಿಯುವುದು ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದೆ. ಆಗ ಬಂದರು ನೋಡಿ ಹರಿಯಬ್ಬೆಯ ಕ್ಯಾತಣ್ಣ, ಚಿತ್ತಮ್ಮ.

ಇಬ್ಬರೂ ಕುರಿ ಕಾಯುವ ಮನೆತನದವರು. ಕ್ಯಾತಣ್ಣನಿಗೆ ಎದೆ ಹಿಡಿದು ನಾಳದಲ್ಲಿ ಸ್ಟೆಂಟ್ ಕೂರಿಸಿದ್ದರು. ತಿಂಗಳು ತಿಂಗಳು ನಮ್ಮ ಕಿಟಕಿಯಲ್ಲಿ ಮಾತ್ರೆ ಒಯ್ಯುತ್ತಿದ್ದರು. ಅವನು ಕಂಬಳಿ ಹೊದ್ದು ಆಸ್ಪತ್ರೆಯ ಅಂಗಳದ ಹುಣಸೆಮರದ ಕೆಳಗೆ ಕೂರುವನು. ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ, ಆದರೂ ಎಲೆ ಅಡಿಕೆ ಬಿಟ್ಟವನಲ್ಲ. ಸಾಲಲ್ಲಿ ನಿಂತು ಮಾತಾಡುವುದೆಲ್ಲ ಚಿತ್ತಮ್ಮನದು. ‘ಹೆಂಗೆ ಕೊಡ್ತೀಯವ್ವ?’ ಎಂದು ಕೇಳಿದರೆ ‘ನೀವು ಹೇಳ್ದಂಗೇ, ಊಟ ಆದ್ಮೇಲೆ ಒಂದು’ ಎಂದು ಪಾಠ ಒಪ್ಪಿಸಿದಂತೆ ಹೇಳುತ್ತಿದ್ದಳು. ನನಗೆ ಸಮಾಧಾನ.

ಒಂದು ಬೆಳಿಗ್ಗೆ ಚಿತ್ತಮ್ಮ ಬಂದವಳು, ‘ಹಸೀನಮ್ಮೋರೆ, ಹೊಟ್ಟೆ ಉರಿಗೆ ಒಂದಿಷ್ಟು ಮಾತ್ರೆ ಕೊಡ್ರಿ. ನಮ್ಮೋರು ಉರಿ ಉರಿ ಅಂತಾರೆ’ ಎಂದಳು.

‘ಯಾಕಂತೆ? ಊಟ ಮಾಡದೆ ಮಾತ್ರೆ ನುಂಗ್ತಾನಾ?’

‘ಅವರೆಲ್ಲಿ ನುಂಗ್ತಾರೆ? ನಾನು ಸುಲಿದು, ಕುಟ್ಟಿ, ಬೆಲ್ಲ ಮಜ್ಜಿಗೇಲಿ ಕಲಸಿ ಕುಡಿಸ್ತೀನಿ.’

‘ಏನು ಸುಲೀತೀಯ?’

‘ಮೇಲಿನ ಸಿಪ್ಪೇನ. ಬಣ್ಣದ ಸಿಪ್ಪೆ ಹೊಟ್ಟೆಗೆ ಯಾಕ್ರಿ? ಶೇಂಗಾ ಸಿಪ್ಪೆ ಸುಲೀದೆ ತಿಂತೀವಾ?’

ಎಂದವಳೇ ಎಲೆ ಅಡಿಕೆ ಚೀಲದಿಂದ ಒಂದು ಪುಟ್ಟ ಕಬ್ಬಿಣದ ಕುಟ್ಟಾಣಿ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಠಣ್ಣನೆ ಇಟ್ಟಳು. ಅದರ ತಳದಲ್ಲಿ ಮಾತ್ರೆಯ ಬಿಳಿ ಹುಡಿ ಇನ್ನೂ ಅಂಟಿತ್ತು. ಅವಳ ಮುಖದಲ್ಲಿ ನೋಡಬೇಕಿತ್ತು, ಎಂಥಾ ಹೆಮ್ಮೆ! ಗಂಡನನ್ನು ಹೀಗೆ ನೋಡಿಕೊಳ್ಳುವವಳು ಊರಲ್ಲಿ ಇನ್ನೊಬ್ಬಳಿಲ್ಲ ಅನ್ನುವ ಹಾಗೆ. ಅದು ನಿಜವೂ ಹೌದು.

ಅವಳದ್ದು ತಲೆಯಿಲ್ಲದ ಕೆಲಸ ಅಂದುಕೊಳ್ಳಬೇಡಿ. ಕುರಿಗೆ ಔಷಧ ಕೊಡುವುದು ಹಾಗೆಯೇ. ಕುಟ್ಟಿ, ಕಲಸಿ, ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಹೊಯ್ಯುತ್ತಾರೆ. ಇಡೀ ಕಾಳು ತಿಂದ ಕುರಿಯ ಹಿಕ್ಕೆಯಲ್ಲಿ ಇಡೀ ಕಾಳೇ ಬರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಗಟ್ಟಿ ಸಿಪ್ಪೆಯ ಮಾತ್ರೆಯೂ ಹಾಗೇ ಹೊರಗೆ ಬಂದುಬಿಟ್ಟರೆ ಗಂಡನ ಎದೆಗೆ ಏನು ಸಿಕ್ಕಿತು? ಅದು ಅವಳ ಲೆಕ್ಕಾಚಾರ.

ನನಗೆ ಆಗ ಲೆಕ್ಕಾಚಾರ ಕೇಳುವ ತಾಳ್ಮೆ ಇರಲಿಲ್ಲ. ‘ಬೇರೆ ಏನಾದ್ರೂ ಮಾತ್ರೆ ತಗಂತಾನಾ?’ ಎಂದೆ. ‘ಮಂಡಿ ನೋವಿಗೆ ಅಂಗಡೀಲಿ ಕೊಡ್ತಾರಲ್ಲ, ಅದು. ಕುರಿ ಹಿಂದೆ ತಿರುಗ್ಬೇಕಲ್ರಿ’ ಎಂದಳು. ಆಸ್ಪಿರಿನ್ ಜೊತೆ ನೋವಿನ ಮಾತ್ರೆ! ಒಂದು ಹೊಟ್ಟೆಯನ್ನು ಕೆರೆಯುತ್ತದೆ, ಇನ್ನೊಂದು ಅದನ್ನೇ ಮತ್ತೆ ಕೆರೆಯುತ್ತದೆ. ನಾನು ಕಿಟಕಿಗೆ ಬಾಗಿ ದನಿ ತಗ್ಗಿಸಿದೆ.

‘ಚಿತ್ತಮ್ಮ, ನಾಚ್ಕೋಬೇಡ. ಹೊರಕಡೆಗೆ ಯಾವ ಬಣ್ಣ ಹೋಗ್ತಾನೆ?’

‘ಅಯ್ಯ, ಕಪ್ಪಗೆ. ಮೂರು ಹೊತ್ತು ರಾಗಿ ಮುದ್ದೆ ತಿಂದೋರಿಗೆ ಬೆಳ್ಳಗಾಗ್ತೈತಾ?’

‘ರಾಗಿ ಕಪ್ಪೋ, ಡಾಂಬರಿನ ಕಪ್ಪೋ? ಅಂಟಂಟಾ? ನಾತ ಐತಾ?’

ಅವಳು ಮರದ ಕೆಳಗಿದ್ದ ಗಂಡನ ಕಡೆ ತಿರುಗಿ ನೋಡಿದಳು.

‘ನಿನ್ನ ಕುರಿ ಹಂಗೆ ಹಾಕಿದ್ರೆ ಏನಂತಿದ್ದೆ?’ ಎಂದೆ.

ಆ ಹೆಮ್ಮೆಯ ಮುಖ ಇಳಿದು ಹೋಯಿತು. ‘ಒಳಗೆ ರಕ್ತ ಒಡೆದೈತೆ ಅಂತಿದ್ದೆ’ ಎಂದಳು. ಆಮೇಲೆ ‘ಅಯ್ಯೋ ನನ್ನಪ್ಪಾ’ ಎಂದು ಕಟ್ಟೆಯನ್ನು ಹಿಡಿದುಕೊಂಡಳು.

ನಾನು ಕಿಟಕಿಗೆ ಬೀಗ ಹಾಕಿ ಹುಣಸೆಮರದ ಹತ್ತಿರ ಓಡಿದೆ. ಸಾಲಿನವರು ಹಿಂದಿನಿಂದ ಕೂಗಿಕೊಂಡರು, ಕೂಗಿಕೊಳ್ಳಲಿ. ಕ್ಯಾತಣ್ಣನ ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಸುಣ್ಣದ ಹಾಗೆ ಬೆಳ್ಳಗಿತ್ತು. ‘ತಲೆ ತಿರುಗ್ತೈತೆ ಕಣವ್ವ, ಬಿಸಿಲಿಗೆ’ ಎಂದ. ಬಿಸಿಲೆಲ್ಲಿತ್ತು, ನೆರಳಲ್ಲಿ ಕೂತಿದ್ದಾನೆ! ನಮ್ಮ ರಾಜೇಶ್ವರಿ ಡಾಕ್ಟರು ನೋಡಿದವರೇ ಮಲಗಿಸಿ, ಸಲೈನ್ ಹಾಕಿ, ಆಂಬುಲೆನ್ಸಿನಲ್ಲಿ ಚಿತ್ರದುರ್ಗಕ್ಕೆ ಕಳಿಸಿದರು. ಅಲ್ಲಿ ರಕ್ತ ಕೊಟ್ಟರು, ಹೊಟ್ಟೆಯ ಹುಣ್ಣಿಗೆ ಚಿಕಿತ್ಸೆ ಮಾಡಿದರು. ಬದುಕಿದ.

ಕಥೆ ಅಲ್ಲಿಗೆ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ನಿಜವಾದ ಪೇಚು ಆಮೇಲೆ ಬಂತು. ಹೃದಯದ ಡಾಕ್ಟರು, ಹೊಟ್ಟೆಯ ಡಾಕ್ಟರು ಇಬ್ಬರೂ ಮಾತಾಡಿಕೊಂಡು, ಹೊಟ್ಟೆ ಕಾಯುವ ಒಂದು ಮಾತ್ರೆ ಜೊತೆಗಿಟ್ಟು ಆಸ್ಪಿರಿನ್ ಮತ್ತೆ ಶುರು ಮಾಡಿ ಎಂದು ಬರೆದು ಕಳಿಸಿದ್ದರು. ಸ್ಟೆಂಟ್ ಇದೆ, ಬಿಟ್ಟರೆ ಅದು ಮುಚ್ಚಿಕೊಳ್ಳಬಹುದು. ಚಿತ್ತಮ್ಮ ಮಾತ್ರ ಬಿಲ್‌ಕುಲ್ ಒಪ್ಪಲಿಲ್ಲ.

‘ಅದು ವಿಷ. ಆ ವಿಷ ನನ್ನ ಕೈಯಾಗೆ ಮತ್ತೆ ಕುಡಿಸ್ಬ್ಯಾಡ್ರಿ. ಸುಲಿದು ಕೊಟ್ರೆ ರಕ್ತ ಬತ್ತದೆ, ಸುಲೀದೆ ಕೊಟ್ರೆ ಕರಗಲ್ಲ. ಯಾಕ್ರಿ ಬೇಕು?’

ಕ್ಯಾತಣ್ಣ ಹೆಂಡತಿಯ ಕಡೆ. ರಾಜೇಶ್ವರಿ ಡಾಕ್ಟರು ಹೇಳಿ ಹೇಳಿ ಸೋತು, ‘ಹಸೀನಾ ಮೇಡಂ, ನಿಮ್ಮ ಕೈಲಾದ್ರೆ ನೋಡ್ರಿ’ ಎಂದು ನನ್ನ ಕಡೆ ತಳ್ಳಿದರು.

ನಾನು ಮಾರನೆಯ ದಿನ ಬರಲು ಹೇಳಿ ಮನೆಯಿಂದ ಒಂದು ಹಿತ್ತಾಳೆ ಬಟ್ಟಲು ತಂದೆ. ಅಬ್ಬಾ ಕಲಾಯಿ ಹಾಕಿದ್ದ ಕೊನೆಯ ಪಾತ್ರೆಗಳಲ್ಲಿ ಅದೊಂದು. ಒಂದು ಬದಿಯಲ್ಲಿ ಕಲಾಯಿ ಸವೆದು ಹೋಗಿತ್ತು. ಇನ್ನೊಂದು ಬದಿ ಇನ್ನೂ ಹೊಳೆಯುತ್ತಿತ್ತು. ‘ಇದರಾಗೆ ಹುಣಸೆಹುಳಿ ಸಾರು ಕಾಯಿಸ್ತೀಯಾ ಚಿತ್ತಮ್ಮ?’ ಎಂದೆ.

‘ಯಾವಳು ಕಾಯಿಸ್ತಾಳೆ? ಕಲಾಯಿ ಹೋಗೈತಲ್ಲ. ಕಿಲುಬಾಗ್ತೈತೆ, ತಿಂದೋರು ವಾಂತಿ ಮಾಡ್ಕಂತಾರೆ.’

‘ಕಲಾಯಿ ಇರೋ ಪಾತ್ರೇನ ಕೆರೆದು ಕೆರೆದು ಬೋಳಿಸಿ, ಆಮೇಲೆ ಸಾರು ಕಾಯಿಸಿದ್ರೆ?’

‘ಅಂಥ ದಡ್ಡಿ ಯಾರೈದಾರೆ?’

‘ನೀನೇ ಕಣವ್ವ’ ಎಂದೆ. ‘ಮಾತ್ರೆ ಮೇಲಿರೋದು ಸಿಪ್ಪೆ ಅಲ್ಲ, ಕಲಾಯಿ. ಆಸ್ಪಿರಿನ್ನಿಗೂ ಹೊಟ್ಟೆಗೂ ಆಗಿಬರಲ್ಲ. ಹೊಟ್ಟೇಲಿ ಹುಳಿ ಇರ್ತೈತೆ. ಆ ಹುಳೀಲಿ ಈ ಕಲಾಯಿ ಬಿಚ್ಚಲ್ಲ. ಹೊಟ್ಟೆ ದಾಟಿ ಕರುಳಿಗೆ ಹೋದ್ಮೇಲೆ ಬಿಚ್ಚಿಕಂತೈತೆ.’

‘ಬಿಚ್ಚಿಕಂತೈತೆ ಅಂತ ನೀವು ಕಂಡಿದೀರಾ?’ ಎಂದಳು ಚಿತ್ತಮ್ಮ. ಅವಳು ಸುಲಭಕ್ಕೆ ಬಗ್ಗುವವಳಲ್ಲ, ಅದಕ್ಕೇ ನನಗೆ ಅವಳು ಇಷ್ಟ.

ಎರಡು ಗಾಜಿನ ಲೋಟ ಇಟ್ಟೆ. ಒಂದರಲ್ಲಿ ನಿಂಬೆರಸ, ಇನ್ನೊಂದರಲ್ಲಿ ಅಡಿಗೆ ಸೋಡಾ ಕದಡಿದ ನೀರು. ಎರಡಕ್ಕೂ ಒಂದೊಂದು ಮಾತ್ರೆ ಹಾಕಿ, ‘ಇದು ಹೊಟ್ಟೆ, ಇದು ಕರುಳು. ನೋಡ್ತಾ ಕುಂತ್ಕಳ್ರಿ’ ಎಂದು ನನ್ನ ಕೆಲಸಕ್ಕೆ ಹೋದೆ. ಗಂಡ ಹೆಂಡಿರು ಒಳಗಿನ ಬೆಂಚಿನ ಮೇಲೆ ಕೂತು, ಈಯಲು ಬಂದ ಕುರಿ ಕಾಯುವ ಹಾಗೆ ಲೋಟ ಕಾದರು. ಆಗಾಗ ನಾನು ಬಂದು ಚಮಚದಲ್ಲಿ ಅಲ್ಲಾಡಿಸಿ ಹೋಗುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಚಿತ್ತಮ್ಮನ ಕೂಗು ಇಡೀ ಆಸ್ಪತ್ರೆಗೆ ಕೇಳಿತು: ‘ಏ ಹಸೀನಮ್ಮೋರೆ, ಬರ್ರಿ ಬರ್ರಿ, ಕರುಳಿಂದು ಬಿಚ್ಚಿಕಂತು!’

ಸೋಡಾ ನೀರಿನ ಮಾತ್ರೆ ಉಬ್ಬಿ, ಬಿರಿದು, ಬೆಳ್ಳಗೆ ಉದುರುತ್ತಿತ್ತು. ನಿಂಬೆರಸದ್ದು ಹಾಗೇ ದುಂಡಗೆ ಕೂತಿತ್ತು. ಅವಳು ಎರಡನ್ನೂ ಬಾಗಿ ಬಾಗಿ ನೋಡಿ, ‘ಹಂಗಾರೆ ಸೋಡಾ ಕುಡ್ಸಿ ನುಂಗ್ಸಿದ್ರೆ ಬಿರ್ನೆ ಬಿಚ್ಚಿಕಂತೈತಲ್ವಾ?’ ಎಂದಳು. ‘ಬೇಡ ತಾಯಿ! ಆಗ ಹೊಟ್ಟೇಲೇ ಬಿಚ್ಚಿಕಂತೈತೆ. ಗ್ಯಾಸಿನ ಪುಡಿ, ಸೋಡಾ ಯಾವುದೂ ಇದರ ಜೊತೆ ಬೇಡ. ನೀರು ಸಾಕು. ಸುಲೀಬೇಡ, ಮುರೀಬೇಡ, ಕುಟ್ಟಬೇಡ. ಮಂಡಿ ನೋವಿಗೆ ಅಂಗಡಿ ಮಾತ್ರೆ ಬೇಡ, ಡಾಕ್ಟ್ರನ್ನ ಕೇಳು. ಕಪ್ಪಗೆ ಹೋದ್ರೆ ರಾಗಿ ಮೇಲೆ ಹಾಕ್ಬೇಡ, ಓಡಿ ಬಾ’ ಎಂದೆ. ಕ್ಯಾತಣ್ಣ ಅಲ್ಲೇ, ನಮ್ಮೆಲ್ಲರ ಎದುರಿಗೆ, ಇಡೀ ಮಾತ್ರೆ ನೀರಲ್ಲಿ ನುಂಗಿ ತೋರಿಸಿದ. ಚಿತ್ತಮ್ಮ ಮನೆದೇವರ ಮೇಲೆ ಆಣೆ ಮಾಡಿದಳು, ಇನ್ನು ಕುಟ್ಟಲ್ಲ ಎಂದು. ಆದರೂ ನನಗೆ ನಂಬಿಕೆ ಸಾಲದೆ ಅವಳ ಕುಟ್ಟಾಣಿಯನ್ನು ಕಿತ್ತುಕೊಂಡು ನನ್ನ ಕಪಾಟಿನಲ್ಲಿಟ್ಟೆ.

ಕ್ಯಾತಣ್ಣ ಬೊಚ್ಚು ಬಾಯಿ ಬಿಟ್ಟು, ‘ದಾರೀಲಿ ಅಡಿಕೆ ಕುಟ್ಟಾಕೆ ಏನ್ ಮಾಡ್ಲವ್ವಾ?’ ಎಂದ.

‘ಅಡಿಕೆ ಬಿಡು’ ಎಂದೆ.

ಹೊರಡುವಾಗ ರಾಜೇಶ್ವರಿ ಡಾಕ್ಟರು ಇನ್ನೊಂದು ಮಾತು ಹೇಳಿದರು. ‘ಎದೆ ಮತ್ತೆ ಹಿಂಡಿದ್ರೆ ಮೊದಲು 108ಕ್ಕೆ ಫೋನ್ ಮಾಡ್ರಿ. ಹೊಟ್ಟೇಲಿ ರಕ್ತ ಹೋಗಿತ್ತು ಅಂತ ಮರೀದೆ ಹೇಳ್ರಿ. ಜಗೀರಿ ಅಂತ ಅವರಂದ್ರೆ ಅವತ್ತೊಂದು ದಿನ ಆಸ್ಪಿರಿನ್ ಜಗೀಬೇಕು. ಆಗ ಬೇಗ ಕೆಲಸ ಮಾಡ್ಬೇಕು, ಕರುಳಿನ ತನಕ ಕಾಯಾಕಾಗಲ್ಲ.’ ಕ್ಯಾತಣ್ಣ ತಲೆ ಆಡಿಸಿದ. ಚಿತ್ತಮ್ಮನ ಗಮನವೆಲ್ಲ ನಾನು ಕುಟ್ಟಾಣಿ ಇಟ್ಟ ಕಪಾಟಿನ ಮೇಲಿತ್ತು.

ಆಮೇಲೆ ತಿಂಗಳು ತಿಂಗಳು ಇಬ್ಬರೂ ಬರುತ್ತಿದ್ದರು. ನಾನು ಕೇಳುವ ಮೊದಲೇ ಚಿತ್ತಮ್ಮ ‘ಕುಟ್ಟಿಲ್ರೀ’ ಎನ್ನುತ್ತಿದ್ದಳು. ಅದೇ ನಮ್ಮ ನಮಸ್ಕಾರ ಆಗಿಹೋಗಿತ್ತು.

ನನ್ನ ನಿವೃತ್ತಿ ಹತ್ತಿರವಾದಾಗ ಒಂದು ತಿಂಗಳು ಅವರು ಬರಲಿಲ್ಲ. ಮುಂದಿನ ತಿಂಗಳು ಚಿತ್ತಮ್ಮ ಒಬ್ಬಳೇ ಬಂದಳು. ಸಾಲಿನಲ್ಲಿ ನಿಂತವಳು ತನ್ನ ಹಿಂದಿನವರನ್ನೆಲ್ಲ ‘ನೀವು ಹೋಗ್ರಿ, ನೀವು ಹೋಗ್ರಿ’ ಎಂದು ಮುಂದೆ ಬಿಡುತ್ತಿದ್ದಾಳೆ. ತಲೆ ಎತ್ತುತ್ತಿಲ್ಲ. ಕೊನೆಗೆ ಕಿಟಕಿಗೆ ಬಂದವಳು ‘ಕುಟ್ಟಿಲ್ರೀ’ ಎನ್ನಲಿಲ್ಲ.

‘ಕುಟ್ಟಿಬಿಟ್ಟೆ ಹಸೀನಮ್ಮೋರೆ. ಬಯ್ಯಬ್ಯಾಡ್ರಿ’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

‘ಕ್ಯಾತಣ್ಣ ಎಲ್ಲಿ?’

ಅವಳು ಅಳುತ್ತಲೇ ಹೇಳಿದಳು. ಮನೆ ಮುಂದಿನ ಕುರಿಹಟ್ಟಿಯಲ್ಲಿದ್ದಾಗ ಅವನು ಎದೆ ಹಿಡಿದುಕೊಂಡು ಕುಸಿದನಂತೆ, ಮೈಯೆಲ್ಲ ಬೆವರು. ಪಕ್ಕದ ಹಟ್ಟಿಯವರ ಫೋನಿನಿಂದ 108ಕ್ಕೆ ಮಾಡಿ, ಸ್ಟೆಂಟ್ ಇರುವುದನ್ನೂ ಹಿಂದೆ ರಕ್ತ ಹೋದದ್ದನ್ನೂ ಎಲ್ಲ ಹೇಳಿದ್ದಾಳೆ. ಅವರು ಕೇಳಿಕೊಂಡು, ಆಂಬುಲೆನ್ಸ್ ಬರ್ತಿದೆ, ಅಷ್ಟರಲ್ಲಿ ಆಸ್ಪಿರಿನ್ ಜಗಿಸಿ ಎಂದರಂತೆ.

‘ಜಗಿಸ್ರಿ ಅಂತಾರೆ! ನಮ್ಮೋರ ಬಾಯಾಗೆ ಹಲ್ಲೆಲ್ಲೈತ್ರಿ? ಒಸಡಿನಾಗೆ ಹಿಂಗೆ ಹಿಂಗೆ ಅಂದ್ರು, ಜಾರಿ ಜಾರಿ ಹೋತು. ಕಣ್ಣು ಮೇಲೆ ಮಾಡಿದ್ರು. ನಾನು ಆಣೆ ಗೀಣೆ ಎಲ್ಲಾ ಮರೆತು ಕುಟ್ಟಾಣಿಗೆ ಹಾಕಿ ಕುಟ್ಟಿ, ಬೆರಳಾಗೆ ನಾಲಿಗೆ ಮ್ಯಾಲೆ ಸವರಿಬಿಟ್ಟೆ.’

‘ಚಿತ್ತಮ್ಮ, ಕ್ಯಾತಣ್ಣ ಎಲ್ಲಿ ಅಂತ ಮೊದಲು ಹೇಳು!’ ಎಂದು ನಾನು ಕಿರುಚಿದೆ.

‘ಹುಣಸೆಮರದ ಕೆಳಗೆ ಕುಂತವ್ರೆ’ ಎಂದಳು. ‘ದೊಡ್ಡಾಸ್ಪತ್ರೇಲಿ, ಮುಚ್ಕಂಡಿದ್ದ ಇನ್ನೊಂದು ನಾಳ ಬಿಡಿಸಿ ಕಳಿಸಿದ್ರು. ನೀವು ಬಯ್ತೀರಂತ ಒಳಗೆ ಬರ್ಲಿಲ್ಲ.’

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೇ ಬಂತು. ಕಿಟಕಿಯಿಂದಲೇ ಅವಳ ಕೈ ಹಿಡಿದುಕೊಂಡು, ‘ಹುಚ್ಚಿ, ನೀನು ಮಾಡಿದ್ದು ಸರಿ. ಕುಟ್ಟಬೇಕಾಗಿದ್ದ ದಿನ ಅದೊಂದೇ, ಅವತ್ತೇ ಕುಟ್ಟಿದೀಯ’ ಎಂದೆ. ಅವಳು ನಂಬದೆ ನನ್ನ ಮುಖವನ್ನೇ ನೋಡಿದಳು. ನಾನು ಎರಡು ಸಲ ಹೇಳಬೇಕಾಯಿತು.

ಕಪಾಟು ತೆಗೆದು ಅವಳ ಕುಟ್ಟಾಣಿ ವಾಪಸು ಕೊಡಲು ಹೋದೆ. ಆಗ ನನ್ನ ತಲೆಗೆ ಹೊಳೆಯಿತು. ‘ಅಲ್ಲ ಕಣೇ, ನಿನ್ನ ಕುಟ್ಟಾಣಿ ಇಲ್ಲೈತೆ. ಅವತ್ತು ಯಾವುದ್ರಲ್ಲಿ ಕುಟ್ಟಿದೆ?’

‘ನೀವು ಕಿತ್ಕಂಡಿದ್ದು ನಂದು. ಅವರ್ದು ಬ್ಯಾರೆ, ಅದು ಮನೇಲೇ ಇತ್ತಲ್ರಿ’ ಎಂದಳು.

‘ಅಂದ್ರೆ ಇಷ್ಟು ದಿನವೂ ಮನೇಲಿ ಕುಟ್ಟಾಣಿ ಇತ್ತಾ!’

‘ಇತ್ತು’ ಎಂದಳು ಚಿತ್ತಮ್ಮ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ‘ಆಣೆ ಮಾಡಿದ್ನಲ್ಲ. ಅಡಿಕೆ ಬಿಟ್ರೆ ಇನ್ನೇನೂ ಹಾಕಿರ್ಲಿಲ್ಲ.’

ನಾನು ಕಿಟಕಿ ಮುಚ್ಚಿ, ಅವಳ ಜೊತೆ ಹುಣಸೆಮರದ ಕಡೆ ನಡೆದೆ. ಕ್ಯಾತಣ್ಣ ನಮ್ಮನ್ನು ಕಂಡು ಕಂಬಳಿ ಸರಿಸಿ ಪಕ್ಕದಲ್ಲಿ ಜಾಗ ಮಾಡಿದ.